ಜ್ವರದವರಿಗೆ ಊಟ: ಯಾವಾಗ, ಎಷ್ಟು?

ಕೇಳುಗರೇ, ನಮಸ್ಕಾರ.

ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿರುವ ನನ್ನನ್ನು ಐಸಿಯು ಬಾಗಿಲಲ್ಲಿ ಕಾಯುವವರು ಮೊದಲು ಕೇಳುವುದು ಊಟದ ವಿಷಯ. "ಮೇಡಂ, ನಮ್ಮ ಅಪ್ಪ ನಿನ್ನೆಯಿಂದ ಏನೂ ತಿಂದಿಲ್ಲ, ಹೀಗಾದ್ರೆ ಶಕ್ತಿ ಎಲ್ಲಿಂದ ಬರುತ್ತೆ?" ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಚೀಲದಲ್ಲಿ ರಾಗಿ ಗಂಜಿ ತುಂಬಿದ ಫ್ಲಾಸ್ಕ್. ಅದೇ ಮನೆಯ ಅಜ್ಜಿ ಮಾತ್ರ "ಲಂಘನಂ ಪರಮೌಷಧಂ, ಜ್ವರ ಬಿಡೋವರೆಗೂ ಏನೂ ಕೊಡಬೇಡಿ" ಅನ್ನುತ್ತಿರುತ್ತಾರೆ. ಮಗನ ಮಾತೂ ಸರಿ, ಅಜ್ಜಿಯ ಮಾತೂ ಸರಿ. ಆದರೆ ಒಂದೇ ದಿನಕ್ಕಲ್ಲ. ಅಜ್ಜಿಯ ಮಾತಿನಲ್ಲಿ ಸ್ವಲ್ಪ ನಿಜ ಇರುವುದು ಮೊದಲ ದಿನಗಳಿಗೆ, ಮಗನದ್ದು ಆಮೇಲಿನ ವಾರಗಳಿಗೆ.

ನ್ಯುಮೋನಿಯಾ ಬಿಗಡಾಯಿಸಿತು, ಇಲ್ಲವೇ ಮೂತ್ರದ ಸೋಂಕು ರಕ್ತಕ್ಕೆ ಏರಿ ಸೆಪ್ಸಿಸ್ ಆಯಿತು, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳಿಗೇ ಪೆಟ್ಟು ಬೀಳತೊಡಗಿತು ಅಂದುಕೊಳ್ಳಿ. ಆಗ ಹಸಿವು ಹೋಗುವುದು ಸುಮ್ನೆ ಅಲ್ಲ. ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ, ಅವುಗಳ ಸುದ್ದಿ ಮಿದುಳಿಗೆ ಮುಟ್ಟಿದಾಗ ಜ್ವರವೂ ಏರುತ್ತದೆ, ಊಟವೂ ಬೇಡ ಅನ್ನಿಸುತ್ತದೆ. ಅದೇ ಹೊತ್ತಿಗೆ ದೇಹ ತನ್ನ ಸ್ನಾಯುಗಳನ್ನು ತಾನೇ ಕರಗಿಸಿ, ಲಿವರ್‌ನಲ್ಲಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಾ ಹೋಗುತ್ತದೆ. ಸಕ್ಕರೆ ಕಾಯಿಲೆಯೇ ಇಲ್ಲದವರು ಏನೂ ತಿನ್ನದೆ ಮಲಗಿದ್ದರೂ ಐಸಿಯುನಲ್ಲಿ ಅವರ ಶುಗರ್ ಏರುವುದು ಇದಕ್ಕೇ. ಹೊರಗಿನಿಂದ ಎಷ್ಟು ಸುರಿದರೂ ಮೊದಲ ದಿನಗಳಲ್ಲಿ ಈ ಒಳಗಿನ ತಯಾರಿ ಪೂರ್ತಿ ನಿಲ್ಲುವುದಿಲ್ಲ.

2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರುಸ್ಲಾನ್ ಮೆಡ್ಜಿಟೋವ್ ಅವರ ತಂಡ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿತು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿದ ಇಲಿಗಳು ತಾವಾಗಿಯೇ ತಿನ್ನುವುದು ಬಿಟ್ಟವು. ಹಾಗೇ ಬಿಟ್ಟ ಇಲಿಗಳಲ್ಲಿ ಬದುಕಿದವು ಜಾಸ್ತಿ. ಒತ್ತಾಯ ಮಾಡಿ ಗ್ಲೂಕೋಸ್ ಕೊಟ್ಟವು ಸತ್ತವು. ಫ್ಲೂ ವೈರಸ್ ತಗುಲಿದ ಇಲಿಗಳಲ್ಲಿ ಇದು ಪೂರ್ತಿ ಉಲ್ಟಾ ಆಯಿತು. ಅಲ್ಲಿ ಆಹಾರ ಕಾಪಾಡಿತು, ಗ್ಲೂಕೋಸ್ ಬಳಕೆ ತಡೆದಾಗ ಇಲಿಗಳು ಸತ್ತವು. ಊಟ ಕೊಟ್ಟರೂ ಬಿಟ್ಟರೂ ಒಳಗಿದ್ದ ರೋಗಾಣುಗಳ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಸೋಂಕಿನ ಪೆಟ್ಟನ್ನು ದೇಹ, ಅದರಲ್ಲೂ ಮಿದುಳು, ಎಷ್ಟು ತಾಳಿಕೊಳ್ಳುತ್ತದೆ ಅನ್ನುವುದನ್ನು ಆಹಾರ ಬದಲಿಸಿತ್ತು. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದೇ.

ಇಲಿ ಬೇರೆ, ಮನುಷ್ಯ ಬೇರೆ, ಅಲ್ವಾ? ಮನುಷ್ಯರಲ್ಲಿ ನೋಡಿದ್ದೂ ಇದೆ. ಬೆಲ್ಜಿಯಂನ ಏಳು ಐಸಿಯುಗಳಲ್ಲಿ 4,640 ರೋಗಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಹೊರಬಂತು. ಹೊಟ್ಟೆಗೆ ನಳಿಗೆಯಲ್ಲಿ ಕೊಡುವ ಆಹಾರ ಸಾಲದಿದ್ದಾಗ ಕೆಲವರಿಗೆ ಮೊದಲ 48 ಗಂಟೆಯೊಳಗೇ ರಕ್ತನಾಳದ ಮೂಲಕ ಪೋಷಕಾಂಶ ಏರಿಸಿದರು. ಇನ್ನು ಕೆಲವರಿಗೆ ಎಂಟನೇ ದಿನದವರೆಗೆ ಕಾದರು. ಕಾದವರಿಗೆ ಹೊಸ ಸೋಂಕು ಕಡಿಮೆ, ಅವರು ಐಸಿಯುನಿಂದ ಬೇಗ ಹೊರಬಂದರು. ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೊದಲ ದಿನಗಳಲ್ಲಿ ಮೂಗಿನ ನಳಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಆಹಾರ ಬಿಟ್ಟು ನಿಧಾನಕ್ಕೆ ಏರಿಸುತ್ತಾರೆ. ಅದನ್ನು ನೋಡಿ ಡಾಕ್ಟರಿಗೆ ಕಾಳಜಿ ಇಲ್ಲ ಅಂದುಕೊಳ್ಳಬೇಡಿ.

ಹಾಗಂತ ಜ್ವರ ಬಂತು, ಉಪವಾಸ ಮಾಡೋಣ ಅಂತ ಯಾರೂ ಹೊರಡಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು, ಪುಟ್ಟ ಮಕ್ಕಳು, ಮೊದಲೇ ಸೊರಗಿದ ವಯಸ್ಸಾದವರು, ಇವರಿಗೆ ಉಪವಾಸವೇ ಅಪಾಯ. ನೀರು, ಗಂಜಿ ತಿಳಿ, ತಿಳಿಸಾರು, ಮಜ್ಜಿಗೆ, ಇವು ಎಲ್ಲರಿಗೂ ಬೇಕು. ನಾನು ಬೇಡ ಅನ್ನುತ್ತಿರುವುದು ತುರುಕುವುದನ್ನು.

ಪುಟ್ಟ ಮಕ್ಕಳ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೀರಾ ಸೊರಗಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇರುತ್ತದೆ. ಅಂಥ ಮಗುವಿಗೆ ಜೋರು ಸೋಂಕು ಆದರೂ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಮೈ ತಣ್ಣಗಾಗುತ್ತದೆ. ಜ್ವರ ಏರಿಸುವುದಕ್ಕೂ ದೇಹದಲ್ಲಿ ತ್ರಾಣ ಬೇಕು. ಜಿಲ್ಲಾಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬಂದ ಇಂಥ ಮಗುವಿಗೆ ಮೊದಲು ಕೊಡುವುದು ಎಫ್-75 ಎಂಬ ಹಾಲು. 100 ಮಿಲಿಲೀಟರಿಗೆ 75 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತಾರೆ. "ಇಷ್ಟು ತೆಳ್ಳಗಿನ ಹಾಲು ಯಾಕೆ, ಮಗು ಮೊದಲೇ ಕಡ್ಡಿಯಾಗಿದೆ" ಅಂತ ತಾಯಂದಿರು ಕೇಳುತ್ತಾರೆ. ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ಸರ್ರನೆ ಇಳಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಮಗುವಿನ ರಕ್ತ ಎಷ್ಟೇ ಕಡಿಮೆ ಇದ್ದರೂ ಕಬ್ಬಿಣದ ಔಷಧಿಯನ್ನು ಮೊದಲ ವಾರ ಮುಟ್ಟಿಸುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯುವುದಕ್ಕೂ ಕಬ್ಬಿಣ ಬೇಕು. ಸೋಂಕು ಬಂದಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಕಬ್ಬಿಣ ರೋಗಾಣುಗಳ ಕೈಗೆ ಸಿಗದಂತೆ ಬಚ್ಚಿಡುತ್ತದೆ. ಆ ಹೊತ್ತಿನಲ್ಲಿ ನಾವು ಕಬ್ಬಿಣ ಸುರಿದರೆ ಯಾರಿಗೆ ಲಾಭ, ನೀವೇ ಹೇಳಿ. ಸೋಂಕು ಹಿಡಿತಕ್ಕೆ ಬಂದು ಹಸಿವು ಮರಳಿದ ಮೇಲೆ ಎಫ್-100 ಎಂಬ ಇನ್ನೂ ಗಟ್ಟಿ ಹಾಲು ಶುರು. ಆಗ ಮಗು ತಾನೇ ಬಟ್ಟಲು ಹಿಡಿದು ಗಟಗಟ ಕುಡಿಯುತ್ತದೆ.

ಕಾಯಿಲೆಗೆ ಮುಂಚೆ ವರ್ಷಗಟ್ಟಲೆ ತಿಂದದ್ದೂ ಲೆಕ್ಕಕ್ಕೆ ಬರುತ್ತದೆ. ಕೊಬ್ಬು, ಸಕ್ಕರೆ ಜಾಸ್ತಿ, ನಾರು ಕಡಿಮೆ ಇರುವ ಆಹಾರ ತಿಂದ ಇಲಿಗಳಿಗೆ ಸೆಪ್ಸಿಸ್ ಇನ್ನಷ್ಟು ಜೋರಾಗಿ, ಸತ್ತವು ಜಾಸ್ತಿ ಎಂದು 2019ರಲ್ಲಿ ಅಮೆರಿಕದ ಒಂದು ತಂಡ ಬರೆಯಿತು. ಕರುಳಿನಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳಲ್ಲೂ ಹಾಗೇ ಆಯಿತು, ಅಂದರೆ ಇದು ಕರುಳಿನ ಬ್ಯಾಕ್ಟೀರಿಯಾದಿಂದ ಆದದ್ದಲ್ಲ, ಆಹಾರದಿಂದಲೇ ಆದದ್ದು.

ಈಗ ಮಗನ ಮಾತಿಗೆ ಬರೋಣ. 2013ರಲ್ಲಿ ಲಂಡನ್‌ನಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯು ಅಳೆದು ನೋಡಿದರು. 10 ದಿನದಲ್ಲಿ ಶೇಕಡ 18ರ ಹತ್ತಿರ ಕರಗಿತ್ತು. ಎದ್ದು ಬಚ್ಚಲಿಗೆ ಹೋಗಲು ಇಬ್ಬರು ಹಿಡಿಯಬೇಕಾಗುವುದು ಇದಕ್ಕೇ. ಕಳೆದದ್ದು ವಾಪಸ್ ಬರಬೇಕಾದರೆ ಪ್ರೋಟೀನ್ ಬೇಕು, ಜೊತೆಗೆ ಸ್ವಲ್ಪ ಓಡಾಟ ಬೇಕು. ನನಗೆ ಬೇಜಾರಾಗುವುದು ಎಲ್ಲಿ ಗೊತ್ತಾ? ಐಸಿಯುನಲ್ಲಿ ಊಟಕ್ಕಾಗಿ ಜಗಳವಾಡಿದ ಮನೆಯವರೇ, ಡಿಸ್ಚಾರ್ಜ್ ಆದ ಮೇಲೆ ಪಥ್ಯ ಅಂತ ತಿಂಗಳುಗಟ್ಟಲೆ ಬರೀ ಗಂಜಿ, ಬ್ರೆಡ್, ಇಡ್ಲಿ ಕೊಡುತ್ತಾರೆ. ಆಗಲೇ ಅಲ್ವಾ ಮೊಟ್ಟೆ, ಮೀನು, ಗಟ್ಟಿ ಬೇಳೆ, ಮೊಳಕೆ ಹುರುಳಿ, ಕಡಲೆಬೀಜ, ಮೊಸರು ತಟ್ಟೆಗೆ ಬರಬೇಕಾದ್ದು? ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ.

ಕ್ಷಯದಂಥ, ತಿಂಗಳುಗಟ್ಟಲೆ ಕಾಡುವ ಸೋಂಕಿನಲ್ಲಂತೂ ಊಟ ಮಾತ್ರೆಯಷ್ಟೇ ಮುಖ್ಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಇದ್ದ ಬುಟ್ಟಿ ಕೊಡಿಸಿದರು. ಅರ್ಧದಷ್ಟು ಮನೆಗಳಲ್ಲಿ ಮನೆಮಂದಿಗೂ ಅಕ್ಕಿ ಬೇಳೆ ಕೊಟ್ಟರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಎರಡು ತಿಂಗಳಲ್ಲಿ ಶೇಕಡ 5ರಷ್ಟು ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡ 61ರಷ್ಟು ಕಡಿಮೆ ಇತ್ತು. ಮನೆಯವರಿಗೂ ರೇಷನ್ ಸಿಕ್ಕ ಕಡೆ ಅವರಿಗೆ ಕ್ಷಯ ಬರುವುದು ಶೇಕಡ 39ರಷ್ಟು ಇಳಿಯಿತು. ಯಾವ ಹೊಸ ಔಷಧಿಯೂ ಇಲ್ಲದೆ, ಪೋಷಣೆಯಿಂದಲೇ!

ಕ್ಷಯಕ್ಕೆ ಚಿಕಿತ್ಸೆ ಪಡೆಯುವವರಿಗೆ ಆಹಾರಕ್ಕೆಂದೇ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸರ್ಕಾರದ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಕ್ಷಯದ ಮಾತ್ರೆ ನುಂಗುತ್ತಿದ್ದರೆ, ಈ ಹಣ ಅವರ ಖಾತೆಗೆ ಬರುತ್ತಿದೆಯಾ ಅಂತ ಕೇಳಿ. ಬರದಿದ್ದರೆ ಬ್ಯಾಂಕ್ ಪಾಸ್‌ಬುಕ್, ಆಧಾರ್ ಹಿಡಿದುಕೊಂಡು ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಈ ವಾರವೇ ನೋಡಿ.

ನಮಸ್ಕಾರ.