ನೋಡಿಕೊಳ್ಳುವವರ ಸಂಬಳ ಯಾರ ದುಡ್ಡಿನಿಂದ?

(ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದಂದು ಕೋಲಾರದಲ್ಲಿ ನಿವೃತ್ತ ಸ್ಟಾಫ್ ನರ್ಸ್ ಒಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ವೃದ್ಧಾಪ್ಯ ಮತ್ತು ಆರೋಗ್ಯ’ ಅಂತ ಅಚ್ಚಾಗಿದೆ. ಬಿಪಿ, ಶುಗರ್, ವಾಕಿಂಗ್ ಬಗ್ಗೆ ಡಾಕ್ಟರು ಆಗಲೇ ಚೆನ್ನಾಗಿ ಹೇಳಿದರು. ನಾನೂ ಅದನ್ನೇ ಹೇಳಿದರೆ ನೀವೆಲ್ಲ ಕಾಫಿಗೆ ಎದ್ದು ಹೋಗುತ್ತೀರಿ. ಅದಕ್ಕೆ ಬೇರೆ ಮಾತಾಡುತ್ತೇನೆ. ಸಂಘದವರು ಬೇಜಾರು ಮಾಡಿಕೊಳ್ಳಬಾರದು.

ರಿಟೈರ್ ಆದಾಗಿನಿಂದ ನನ್ನ ಫೋನಿಗೆ ಬರುವ ಕರೆಗಳು ಹೆಚ್ಚುಕಮ್ಮಿ ಒಂದೇ ಥರ. “ಸಿಸ್ಟರ್, ಚೆನ್ನಾಗಿದ್ದೀರಾ? ಅಮ್ಮ ಬಾತ್‌ರೂಮಲ್ಲಿ ಬಿದ್ದುಬಿಟ್ಟರು. ನೋಡ್ಕೊಳ್ಳೋಕೆ ಯಾರಾದ್ರೂ ಒಳ್ಳೇವರಿದ್ರೆ ಹೇಳಿ.” ಒಳ್ಳೆಯವರು ಅಂದರೆ ಎಂಥವರು ಅಂತ ಕೇಳುತ್ತೇನೆ. ಹೆಂಗಸಾಗಿರಬೇಕು, ಗಟ್ಟಿಮುಟ್ಟಾಗಿರಬೇಕು, ಮನೆಯಲ್ಲೇ ಇರಬೇಕು, ಅಡುಗೆಗೂ ಕೈ ಹಾಕಬೇಕು, ಫೋನ್ ಜಾಸ್ತಿ ನೋಡಬಾರದು, ನಮ್ಮ ಜನ ಆದರೆ ಇನ್ನೂ ಒಳ್ಳೇದು. ಸರಿ, ಎಷ್ಟು ಕೊಡ್ತೀರಿ? ಅಲ್ಲಿಗೆ ಸರಿಯಾಗಿ ನೆಟ್‌ವರ್ಕ್ ಹೋಗಿಬಿಡುತ್ತದೆ.

ನಗುತ್ತಿದ್ದೀರಿ. ಫೋನ್ ಮಾಡಿದವರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ವಯಸ್ಸಾದವರನ್ನು ನೋಡಿಕೊಳ್ಳುವುದು ಕೆಲಸ. ಹೊರಗಿನವರು ಮಾಡಿದರೂ ಕೆಲಸ, ಸೊಸೆ ಮಾಡಿದರೂ ಕೆಲಸ. ಅದಕ್ಕೆ ದುಡ್ಡು ಕೊಡಬೇಕು. ಆ ದುಡ್ಡು ಮೊದಲು ಆ ಹಿರಿಯರ ಸ್ವಂತ ದುಡ್ಡಿನಿಂದ ಬರಬೇಕು. ಮಕ್ಕಳದ್ದು ಆಮೇಲೆ.

ಜನ ಯಾಕೆ ಸಿಗುವುದಿಲ್ಲ ಅಂತ ಎಲ್ಲರೂ ಕೇಳುತ್ತೀರಿ. ಬೆಳಗಿನ ಜಾವ ಹೈವೇಗೆ ಹೋಗಿ ನಿಂತುಕೊಳ್ಳಿ. ನರಸಾಪುರ, ವೇಮಗಲ್ ಕಡೆ ಹೋಗುವ ಕಂಪನಿ ಬಸ್‌ಗಳನ್ನು ನೋಡಿ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೆಲ್ಲ ಅದರಲ್ಲೇ ಇದ್ದಾರೆ. ಅಲ್ಲಿ ಪಿಎಫ್, ಇಎಸ್‌ಐ, ಕ್ಯಾಂಟೀನ್ ಊಟ, ವಾರಕ್ಕೊಂದು ರಜೆ, ಶಿಫ್ಟ್ ಮುಗಿದರೆ ಮನೆ. ನಮ್ಮ ಮನೆಗೆ ಬಂದರೆ ಏನಿದೆ? ರಾತ್ರಿ ನಾಲ್ಕು ಸಲ ಎದ್ದು ಬೆಡ್‌ಪ್ಯಾನ್ ಹಿಡಿಯಬೇಕು. ಬೆಳಿಗ್ಗೆ “ರಾತ್ರಿಯೆಲ್ಲ ಮಲಗಿದ್ದೆಯಲ್ಲ, ಒಂಚೂರು ಪಾತ್ರೆ ತೊಳಿ” ಅನ್ನಿಸಿಕೊಳ್ಳಬೇಕು. ನಾನು ಆ ಹುಡುಗಿಯ ತಾಯಿಯಾಗಿದ್ದರೆ ಬಸ್ಸಿಗೇ ಹತ್ತಿಸುತ್ತಿದ್ದೆ.

ಶ್ರೀನಿವಾಸಪುರ ಕಡೆಯ ಒಬ್ಬ ಮೇಷ್ಟ್ರ ಕತೆ ಹೇಳುತ್ತೇನೆ. ಗಣಿತದ ಮೇಷ್ಟ್ರು. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ಮಾತ್ರ ಉಳಿಯಿತು, ಅದೇ ತೊಂದರೆ. ದೊಡ್ಡ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಚಿಕ್ಕವನು ಊರಲ್ಲೇ ಮಾವಿನ ತೋಪು ನೋಡಿಕೊಳ್ಳುತ್ತಾನೆ. ಮಗಳು ಚಿಂತಾಮಣಿಗೆ ಕೊಟ್ಟಿದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನವೇ ಮಕ್ಕಳು ವಾಟ್ಸಾಪ್ ಗ್ರೂಪ್ ಮಾಡಿದರು. ದೊಡ್ಡವನು ಬೆಂಗಳೂರಿನ ಒಂದು ಏಜೆನ್ಸಿಗೆ ದುಡ್ಡು ಕಟ್ಟಿ ಹುಡುಗಿಯನ್ನು ಕಳಿಸಿದ. ಬೆಂಗಳೂರು ರೇಟು ಗೊತ್ತಲ್ಲ, ಮನೆಯಲ್ಲೇ ಇರುವವರಿಗೆ ತಿಂಗಳಿಗೆ ಇಪ್ಪತ್ತೈದು, ಮೂವತ್ತು ಸಾವಿರ ಕೇಳುತ್ತಾರೆ. ಅದರಲ್ಲಿ ಹುಡುಗಿ ಕೈಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಹುಡುಗಿ ಒಡಿಶಾದವಳು. ಪಾಪ, ಒಳ್ಳೆಯ ಮಗು. ಅವಳಿಗೆ ಬರುವುದು ಒಡಿಯಾ, ಸ್ವಲ್ಪ ಹಿಂದಿ. ಮೇಷ್ಟ್ರಿಗೆ ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಹಿಂದಿ ಮಾತ್ರ ಬಾಯಿ ಬಿಡಲ್ಲ. ಅವಳು “ಬಾಬಾ, ಖಾನಾ” ಅನ್ನುವುದು, ಇವರು “ಏನಮ್ಮಾ ಅದು ಕಾನ, ಕಾನನ?” ಅನ್ನುವುದು. ಎರಡು ದಿನ ಮನೆಯವರಿಗೆ ಒಳ್ಳೇ ಮಜಾ.

ಮೂರನೇ ದಿನ ಮುದ್ದೆ ಜಗಳ ಶುರುವಾಯಿತು. ಮೇಷ್ಟ್ರಿಗೆ ಮುದ್ದೆ, ಬಸ್ಸಾರು ಇಲ್ಲದಿದ್ದರೆ ಅದು ಊಟವೇ ಅಲ್ಲ. ಹುಡುಗಿ ಮುದ್ದೆ ಮುರಿದು ಬಾಯಿಗಿಟ್ಟು, ಅವರು ಅಗಿಯಲಿ ಅಂತ ಕಾಯುತ್ತಾಳೆ. ಇವರು ಜೀವಮಾನದಲ್ಲಿ ಮುದ್ದೆ ಅಗಿದವರೇ ಅಲ್ಲ. ಗುಳುಕ್ಕನೆ ನುಂಗಿದರು. ಸ್ಟ್ರೋಕ್ ಆದ ಗಂಟಲು, ನುಂಗುವ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಮ್ಮು ಹತ್ತಿ ಕಣ್ಣು ಮೇಲೆ ಹೋಯಿತು. ನನಗೆ ಫೋನ್ ಬಂತು.

ಇಲ್ಲಿ ಸ್ವಲ್ಪ ನರ್ಸ್ ಆಗಿ ಮಾತಾಡುತ್ತೇನೆ, ಕೇಳಿಸಿಕೊಳ್ಳಿ. ಸ್ಟ್ರೋಕ್ ಆದವರಿಗೆ ಮಲಗಿಸಿ ತಿನ್ನಿಸಬೇಡಿ. ಬೆನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಗ್ಗಿರಲಿ, ಚಿಕ್ಕ ಚಮಚ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ನೀರು ಕುಡಿದ ಮೇಲೆ ಧ್ವನಿ ಗೊರಗೊರ ಅಂದರೆ ನೀರು ದಾರಿ ತಪ್ಪಿದೆ ಅಂತ ಅರ್ಥ. ಊಟ ಆದ ಮೇಲೂ ಅರ್ಧ ಗಂಟೆ ಕೂತಿರಬೇಕು. ಅನ್ನ, ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಸ್ಟ್ರೋಕಿನಿಂದ ಉಳಿದವರನ್ನು ಅದು ತಗೊಂಡು ಹೋಗುತ್ತದೆ. ರಾಗಿ ಬೇಡ ಅಂತ ನಾನು ಹೇಳಲಿಲ್ಲ. ಗಟ್ಟಿಯಾಗಿ ಅಂಬಲಿ ಕಾಸಿ ಕೊಡಿ ಅಂದೆ. “ಅಂಬಲಿ ಕುಡಿಯೋಕೆ ನಾನೇನು ಹಾಲು ಬಿಟ್ಟ ಮಗೂನಾ?” ಅಂತ ಮೇಷ್ಟ್ರು ಒಂದು ಹೊತ್ತು ಉಪವಾಸ ಕೂತರು. ಮಾರನೇ ದಿನ ಕುಡಿದರು, ಉಪ್ಪು ಕಮ್ಮಿ ಅಂತ ಬೈದುಕೊಂಡು.

ಹುಡುಗಿ ತಿಂಗಳು ತುಂಬುವ ಮೊದಲೇ ಹೊರಟುಹೋದಳು. ಮುದ್ದೆಗಲ್ಲ. ಅವಳ ತಟ್ಟೆ ಹಿತ್ತಲ ಬಾಗಿಲ ಹತ್ತಿರ ಬೇರೆ ಇಟ್ಟಿದ್ದರು. ಮಲಗೋಕೆ ಮಂಚ ಇಲ್ಲ, ನಡುಮನೆಯಲ್ಲಿ ಚಾಪೆ. ಮೇಷ್ಟ್ರ ಕೆಲಸದ ಜೊತೆಗೆ ಇಡೀ ಮನೆಯ ಬಟ್ಟೆ ಅವಳ ಪಾಲಿಗೆ ಬಂದಿತ್ತು. ಇವರೋ, “ನಾವು ಮಗಳ ಥರ ನೋಡ್ಕೊಂಡ್ವಿ ಸಿಸ್ಟರ್” ಅಂದರು. ನಾನು ಸುಮ್ನೆ ಆ ತಟ್ಟೆ ಕಡೆ ನೋಡಿದೆ.

ಆಮೇಲೆ ಅಣ್ಣತಮ್ಮಂದಿರ ಲೆಕ್ಕ ಶುರು. “ದುಡ್ಡು ನಾನು ಕೊಟ್ಟೆ” ಅಂತ ದೊಡ್ಡವನು. “ಕೊಟ್ಟು ಕೂತೆ, ಹೇಲು ಬಾಚಿದ್ದು ನನ್ನ ಹೆಂಡತಿ” ಅಂತ ಚಿಕ್ಕವನು. ಕ್ಷಮಿಸಿ, ಅವನು ಹೇಳಿದ್ದೇ ಹಾಗೆ. ಮಗಳು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾಳೆ. ನಾನು ಮೇಷ್ಟ್ರನ್ನು ಕೇಳಿದೆ, “ಸರ್, ನಿಮ್ಮ ಪಿಂಚಣಿ ಎಲ್ಲಿ ಹೋಗ್ತಿದೆ?” ಮನೆಯೆಲ್ಲ ತಣ್ಣಗಾಯಿತು. ಪಾಸ್‌ಬುಕ್ ತರಿಸಿದೆ. ತಿಂಗಳು ತಿಂಗಳು ಪಿಂಚಣಿ ಜಮಾ ಆಗಿದೆ, ಎತ್ತಿದ್ದೇ ಇಲ್ಲ. ಮೇಲೆ ಎಫ್‌ಡಿ ಬೇರೆ. ಯಾಕೆ ಅಂದರೆ, ಮೊಮ್ಮಗಳ ಮದುವೆಗೆ. ಮೊಮ್ಮಗಳು ಇನ್ನೂ ಹೈಸ್ಕೂಲು!

ಗಣಿತದ ಮೇಷ್ಟ್ರಿಗೆ ನಾನು ಲೆಕ್ಕ ಹೇಳಿಕೊಡಬೇಕಾಯಿತು. ಹಗಲಿಗೆ ಪಕ್ಕದ ಹಳ್ಳಿಯ ಹೆಂಗಸು, ಎಂಟರಿಂದ ಆರು, ಭಾನುವಾರ ರಜೆ. ರಾತ್ರಿಗೆ ಚಿಕ್ಕ ಮಗ. ಭಾನುವಾರ ದೊಡ್ಡವನು ಬಂದು ಅಪ್ಪನಿಗೆ ಸ್ನಾನ ಮಾಡಿಸಬೇಕು, ದುಡ್ಡು ಕಳಿಸಿದರೆ ಸಾಲದು. ಸಂಬಳ, ಡೈಪರ್, ಫಿಸಿಯೋಥೆರಪಿ ಎಲ್ಲ ಪಿಂಚಣಿಯಿಂದ. ಉಳಿದದ್ದರಲ್ಲಿ ಸೊಸೆಯ ಅಕೌಂಟಿಗೆ ತಿಂಗಳಿಗೆ ಇಷ್ಟು ಅಂತ. ಮೇಷ್ಟ್ರು ಎದ್ದು ಕೂರುವ ಹಾಗಿದ್ದರೆ ಎದ್ದೇ ಬಿಡುತ್ತಿದ್ದರು. “ಸೊಸೆಗೆ ಸಂಬಳಾನಾ? ಊರವರು ಏನಂತಾರೆ?” ಊರವರು ಬಂದು ಡೈಪರ್ ಬದಲಾಯಿಸ್ತಾರಾ ಸರ್ ಅಂದೆ.

ಮೊದಲನೇ ತಿಂಗಳ ದುಡ್ಡು ಬಂದಾಗ ಆ ಸೊಸೆ ಏನು ಮಾಡಿದಳು ಗೊತ್ತಾ? ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು. ಎರಡು ವರ್ಷದಿಂದ ನೋವಿತ್ತಂತೆ. ಯಾರನ್ನು ದುಡ್ಡು ಕೇಳೋದು ಅಂತ ಲವಂಗ ಇಟ್ಟುಕೊಂಡೇ ಕಾಲ ಹಾಕುತ್ತಿದ್ದಳು.

ಕತೆ ಉದ್ದ ಆಯಿತು. ಅಧ್ಯಕ್ಷರು ವಾಚು ನೋಡಿದರು, ನಾನೂ ನೋಡಿದೆ.

ಎಲ್ಲರಿಗೂ ಮೇಷ್ಟ್ರ ಪಿಂಚಣಿ ಇರುವುದಿಲ್ಲ, ಒಪ್ಪುತ್ತೇನೆ. ಸರ್ಕಾರ ಬಡ ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ದಿನಕ್ಕೆ ಮೂರು ಡೈಪರ್ ಅಂದರೆ ತಿಂಗಳಿಗೆ 90. ಆ ದುಡ್ಡು ಅದರ ಅರ್ಧಕ್ಕೂ ಸಾಲದು. ಆದರೆ ಕೈಯಲ್ಲಿ ಸ್ವಲ್ಪ ಗಂಟು ಇರುವವರು, ಸೈಟು ಮಾರಿದವರು, ಗ್ರಾಚ್ಯುಟಿ ಬಂದವರು ಇಲ್ಲಿ ತುಂಬಾ ಜನ ಇದ್ದೀರಿ. ಪೋಸ್ಟ್ ಆಫೀಸಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 60 ದಾಟಿದವರಿಗೆ, ಗರಿಷ್ಠ 30 ಲಕ್ಷ, ಐದು ವರ್ಷ. 8.2% ಬಡ್ಡಿಯ ಲೆಕ್ಕದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಕೈಗೆ ಬರುತ್ತದೆ. ಹಗಲು ಹೊತ್ತಿನ ಒಬ್ಬರ ಸಂಬಳದಲ್ಲಿ ದೊಡ್ಡ ಪಾಲು ಅದರಲ್ಲೇ ಆಯಿತು. ಮಗನಿಗೆ ಕಾರು ಕೊಡಿಸುವ ಮೊದಲು ಇದನ್ನು ಮಾಡಿ. ನಿಮ್ಮ ದುಡ್ಡು ಮೊದಲು ನಿಮಗೆ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇನ್ಶೂರೆನ್ಸ್ ಇದೆ ಸಿಸ್ಟರ್ ಅನ್ನುತ್ತೀರಿ. ಇರಲಿ, ಬೇಕು. 70 ದಾಟಿದವರಿಗೆ ಐದು ಲಕ್ಷದ ಆಯುಷ್ಮಾನ್ ಅಂತ 2024ರಲ್ಲಿ ಕೇಂದ್ರ ಶುರು ಮಾಡಿತು, ಅದೂ ಒಳ್ಳೆಯದೇ. ಆದರೆ ಇವೆಲ್ಲ ಆಸ್ಪತ್ರೆಗೆ ಸೇರಿದ ಖರ್ಚಿಗೆ. ಮನೆಗೆ ಬಂದು ಮೈ ಒರೆಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರ ಸಂಬಳ ಅದರಲ್ಲಿ ಸಿಗುವುದಿಲ್ಲ. ಆ ಮಗ್ಗುಲು ಬದಲಿಸದಿದ್ದರೆ ಸೊಂಟದ ಕೆಳಗೆ ಹುಣ್ಣಾಗಿ ಮತ್ತೆ ಆಸ್ಪತ್ರೆಗೇ ಹೋಗಬೇಕು. ಆಗ ಕಾರ್ಡ್ ಕೆಲಸಕ್ಕೆ ಬರುತ್ತದೆ! ಇದ್ಯಾವ ನ್ಯಾಯ ಅಂತ ನನಗೆ ಇನ್ನೂ ತಿಳಿದಿಲ್ಲ.

ಒಂದು ಒಳ್ಳೆಯ ಸುದ್ದಿ ನಮ್ಮ ಜಿಲ್ಲೆಯದ್ದೇ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದು ಕೋಲಾರದಲ್ಲಿ. ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಮನೆ ಬಾಗಿಲಿಗೆ ಮಾತ್ರೆ ಬರಬಹುದಾದರೆ ಮೈ ತೊಳೆಯಲು ಕಲಿತ ಕೈಯೂ ಬರಬಹುದು ಅಲ್ವಾ? ಕೇರಳದವರು ಪ್ಯಾಲಿಯೇಟಿವ್ ಕೇರ್‌ಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡುವ ಆರೈಕೆಗೆ, 2008ರಲ್ಲೇ ನೀತಿ ಮಾಡಿದರು. ಅಲ್ಲಿ ಪಂಚಾಯಿತಿಯ ನರ್ಸ್ ಮಲಗಿದವರ ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಇಷ್ಟೊಂದು ಇವೆ. ಫ್ಯಾಕ್ಟರಿಯವರು ನಲವತ್ತು ದಾಟಿದವರನ್ನು ಕೆಲಸಕ್ಕೆ ಕರೆಯುವುದು ಕಮ್ಮಿ. ಆ ಹೆಂಗಸರಿಗೆ ಮೂರು ತಿಂಗಳು ತರಬೇತಿ ಕೊಟ್ಟು, ತಾಲ್ಲೂಕಿಗೊಂದು ಪಟ್ಟಿ ಮಾಡಿದರೆ ನನ್ನ ಫೋನಿಗೂ ಸ್ವಲ್ಪ ವಿಶ್ರಾಂತಿ. ಈ ಬಗ್ಗೆ ಸಂಘದಿಂದ ಒಂದು ಮನವಿ ಬರೆಯಿರಿ, ಮೊದಲ ಸಹಿ ನಾನು ಹಾಕುತ್ತೇನೆ.

ಜನ ಇಟ್ಟುಕೊಳ್ಳುವಾಗ ಏನು ನೋಡಬೇಕು ಅನ್ನುವುದಕ್ಕೆ ಒಂದು ಪುಟ ಬರೆದು ತಂದಿದ್ದೆ. ಚೀಟಿ ಬಂತು, ಐದು ನಿಮಿಷ ಅಂತೆ. ಮುಖ್ಯವಾದ್ದು ಹೇಳಿಬಿಡುತ್ತೇನೆ. ಹೋಂ ನರ್ಸ್ ಅಂತ ಬೋರ್ಡ್ ಹಾಕಿದ ಕಡೆಯಿಂದ ಬರುವವರೆಲ್ಲ ನರ್ಸ್ ಅಲ್ಲ. ಎಎನ್‌ಎಂ, ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಓದಿದ್ದಾರಾ ಕೇಳಿ. ಓದಿಲ್ಲದವರ ಕೈಗೆ ಇನ್ಸುಲಿನ್ ಸಿರಿಂಜು, ಮೂಗಿನ ಟ್ಯೂಬು ಕೊಡಬೇಡಿ. ಆಧಾರ್ ನೋಡಿ, ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಒಂದು ಹಾಳೆಯಲ್ಲಿ ಕೆಲಸ ಏನು, ಏನು ಅಲ್ಲ, ಸಂಬಳ, ರಜೆ, ಊಟ, ಮಲಗುವ ಜಾಗ ಬರೆದು ಇಬ್ಬರೂ ಸಹಿ ಹಾಕಿ. ಸಂಬಳ ಬ್ಯಾಂಕಿಗೇ ಹಾಕಿ. ಮೊದಲ ಒಂದು ವಾರ ಮನೆಯವರೊಬ್ಬರು ಜೊತೆಗಿರಿ. ಚಿನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಆಮೇಲೆ ಅವರ ಮೇಲೆ ಅನುಮಾನ ಪಡಬೇಡಿ.

ಬ್ಯಾಂಕ್ ಅಕೌಂಟ್ ಇವತ್ತೇ ಜಂಟಿ ಮಾಡಿಸಿ. ಕೈ ಬಿದ್ದ ಮೇಲೆ ಸಹಿ ಬರಲ್ಲ, ದುಡ್ಡಿದ್ದೂ ಪರದಾಡುತ್ತೀರಿ. ಆಗಲೂ ದಾರಿ ಇಲ್ಲ ಅಂತಲ್ಲ. ಸಾಕ್ಷಿಗಳ ಮುಂದೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳ ಗುರುತು ಹಾಕಿಸಿ ದುಡ್ಡು ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಸೂಚನೆಯೇ ಇದೆ. ಕೌಂಟರಿನಲ್ಲಿ ಕೂತ ಹುಡುಗನಿಗೆ ಗೊತ್ತಿರಲ್ಲ, ಮ್ಯಾನೇಜರ್ ಹತ್ತಿರ ಹೋಗಿ.

ಇನ್ನು ದಾನಪತ್ರ. ನರಸಾಪುರದ ಫ್ಯಾಕ್ಟರಿಗಳು ಬಂದ ಮೇಲೆ, ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಜಮೀನಿನ ರೇಟು ನಿಮಗೇ ಗೊತ್ತು. ಅಪ್ಪ ಅಮ್ಮನ ಮೇಲೆ ಪ್ರೀತಿಯೂ ಅದೇ ರೇಟಿನಲ್ಲಿ ಏರಿದೆ. ಬರೆದುಕೊಡುವುದಾದರೆ, ನನ್ನನ್ನು ಕೊನೆವರೆಗೂ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಷರತ್ತು ನಂಬಿಕೊಂಡು ಕೋರ್ಟು ಅಲೆಯುತ್ತಿರುವವರನ್ನು ನೋಡಿದ್ದೇನೆ.

ಜೀವನಾಂಶಕ್ಕೂ ಅದೇ ಕಾಯ್ದೆ. ಅರ್ಜಿ ಹಾಕುವುದು ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿನಲ್ಲಿ, ವಕೀಲರು ಬೇಕೇ ಬೇಕು ಅಂತಿಲ್ಲ. ತಿಂಗಳಿಗೆ 10,000ದವರೆಗೆ ಕೊಡಿಸಬಹುದು. ರಿವರ್ಸ್ ಮಾರ್ಟ್‌ಗೇಜ್ ಬಗ್ಗೆ ಹೇಳಬೇಕಿತ್ತು, ಮನೆ ಅಡವಿಟ್ಟು ಬ್ಯಾಂಕಿನಿಂದಲೇ ತಿಂಗಳು ತಿಂಗಳು ದುಡ್ಡು ತಗೊಳ್ಳೋದು, ಬದುಕಿರುವವರೆಗೂ ಅದೇ ಮನೆಯಲ್ಲಿ ಇರಬಹುದು. ವಿವರ ಬೇಕಾದವರು ಆಮೇಲೆ ಬನ್ನಿ.

ಹಿರಿಯರ ಸಹಾಯವಾಣಿ 14567, ಬರೆದುಕೊಳ್ಳಿ. ದುಡ್ಡಿಲ್ಲದ ಕರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನವಿಗೆ ಸಹಿ ಹಾಕುವವರು ಊಟಕ್ಕೆ ಹೋಗುವ ಮೊದಲು ಬಲಗಡೆಯ ಟೇಬಲ್ ಹತ್ತಿರ ಬನ್ನಿ, ಪೆನ್ನು ನಾನೇ ತಂದಿದ್ದೇನೆ.