ಕಡಿಮೆ ದುಡ್ಡಿನಲ್ಲಿ ಮೊದಲ ರೋಡ್ ಬೈಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸದಾಗಿ ರೋಡ್ ಬೈಕು ತಗೊಳ್ಳಬೇಕು ಅಂತ ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು, "ಎಷ್ಟು ಗೇರ್ ಇರೋದು ತಗೊಳ್ಳಲಿ ಸರ್?" ನಾನು ತಿರುಗಿ ಕೇಳುತ್ತೇನೆ, "ಯಾವ ರಸ್ತೆಯಲ್ಲಿ ಓಡಿಸ್ತೀಯ ತಮ್ಮಾ?" ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಕೈಯಲ್ಲಿ ಲಕ್ಷಗಟ್ಟಲೆ ಇದ್ದವರು ಯೋಚಿಸದಿದ್ದರೂ ನಡೆಯುತ್ತದೆ. ಇಪ್ಪತ್ತೈದು ಮೂವತ್ತು ಸಾವಿರ ಕೂಡಿಟ್ಟು ಬಂದವರು ಯೋಚಿಸಲೇಬೇಕು.

ನಾನು ಹೇಳುತ್ತಿರುವುದು ಮೋಟಾರ್ ಬೈಕಿನ ವಿಷಯ ಅಲ್ಲ. ತುಳಿಯುವ ಸೈಕಲ್ಲು. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿರುತ್ತದೆ, ಟೈರು ಸಣ್ಣದು, ಮುಂದೆ ಸ್ಪ್ರಿಂಗ್ ಇರುವುದಿಲ್ಲ. ದೂರದ ದಾರಿಗೆ ಮಾಡಿದ ಸೈಕಲ್ಲು ಅದು.

ಈಗ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ರಸ್ತೆ ನೋಡಿ. ಕೊಪ್ಪಳದಿಂದ ಗದಗಿನ ಕಡೆ ಹೆದ್ದಾರಿ ಹಿಡಿದರೆ ಚಕ್ರ ತಾನಾಗಿ ಓಡುತ್ತದೆ. ಅದೇ ತೋರಣಗಲ್ಲು, ಸಂಡೂರು ಕಡೆ ಹೊರಟರೆ ಅದಿರಿನ ಲಾರಿ ಓಡಾಡಿ ಡಾಂಬರು ಎದ್ದಿರುತ್ತದೆ. ಮೇಲೆ ಕೆಂಪು ಧೂಳು. ಸಿಂಧನೂರು, ಸಿರುಗುಪ್ಪ ಕಡೆ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಎಷ್ಟು ಸಲ ಹೊಸದಾಗಿ ಡಾಂಬರು ಹಾಕಿದರೂ ಅಲ್ಲಿ ಅಲೆ ಅಲೆ ಆಗುವುದು ಇದಕ್ಕೇ. ಇಂಥ ರಸ್ತೆಗೆ ಸೈಕಲ್ ತಗೊಳ್ಳುವವರು ಗೇರ್ ಎಣಿಸುವ ಮುಂಚೆ ಟೈರ್ ನೋಡಬೇಕು.

ಹಿಂದೆ ರೇಸಿನವರು 23 ಮಿಲಿಮೀಟರ್ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರು. ಈಗ ದೊಡ್ಡ ರೇಸುಗಳಲ್ಲೇ 28, ಕೆಲವು ಕಡೆ 30 ಮಿಲಿಮೀಟರ್ ಬಂದಿದೆ. ಒರಟು ರಸ್ತೆಯಲ್ಲಿ ಸಣ್ಣ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಷ್ಟೂ ನಿಮ್ಮ ಶಕ್ತಿ ದಂಡ. ಸ್ವಲ್ಪ ಅಗಲದ ಟೈರಿಗೆ ಸ್ವಲ್ಪ ಕಡಿಮೆ ಗಾಳಿ ಹಾಕಿದರೆ ಅದು ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. 65-70 ಕಿಲೋ ತೂಕದವರು 28ರ ಟೈರಿಗೆ 75 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಗಾಳಿಯ ಒತ್ತಡದ ಅಳತೆ) ಆಸುಪಾಸು, 32ರ ಟೈರಿಗೆ 60ರ ಆಸುಪಾಸು ಹಾಕಿ ನೋಡಿ. ಕೈ, ಸೊಂಟ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಟೈರು ಆಮೇಲೆ ಬದಲಾಯಿಸಬಹುದು ಅಲ್ವಾ ಅಂತ ನೀವು ಕೇಳಬಹುದು. ಬದಲಾಯಿಸಬಹುದು, ಆದರೆ ಫ್ರೇಮಿನಲ್ಲಿ ಜಾಗ ಇರಬೇಕು. ಹಳೇ ಥರದ, ರಿಮ್ ಹಿಡಿಯುವ ಬ್ರೇಕಿನ ಎಷ್ಟೋ ರೋಡ್ ಬೈಕುಗಳಲ್ಲಿ 25 ಕೂರುತ್ತದೆ, ಬಹಳ ಅಂದರೆ 28. ಡಿಸ್ಕ್ ಬ್ರೇಕಿನ ಫ್ರೇಮುಗಳಲ್ಲಿ ಸಾಮಾನ್ಯವಾಗಿ 32 ಸಲೀಸಾಗಿ ಕೂರುತ್ತದೆ. ಅಂಗಡಿಯಲ್ಲಿ ನೇರವಾಗಿ ಕೇಳಿ: "ಅಣ್ಣಾ, ಇದರಲ್ಲಿ ಎಷ್ಟು ಅಗಲದ ಟೈರ್ ಹಿಡಿಯುತ್ತೆ?" ಉತ್ತರ ಗೊತ್ತಿಲ್ಲ ಅಂದರೆ ಬಗ್ಗಿ ನೋಡಿ. ಟೈರಿಗೂ ಫೋರ್ಕಿಗೂ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವೆಗೂ, ನಡುವೆ ಕಿರುಬೆರಳು ಕೂಡ ಹೋಗದಿದ್ದರೆ ಅದು ನಮ್ಮ ಕಡೆಯ ರಸ್ತೆಗೆ ಬೇಡ.

ಇನ್ನು ಮುಳ್ಳು. ಬಳ್ಳಾರಿ ಜಾಲಿ ಯಾರಿಗೆ ಗೊತ್ತಿಲ್ಲ? ನಮ್ಮ ಊರಿನ ಹೆಸರನ್ನೇ ಹೊತ್ತ ಗಿಡ. ರಸ್ತೆ ಅಂಚಿನಲ್ಲಿ ಬೇಲಿ ಕಡಿದು ಹಾಕಿದ ವಾರ ಹೋದರೆ ಪಂಚರ್ ಖಂಡಿತ. ಹಾಗಾಗಿ ಒಳಗೆ ಪಂಚರ್ ತಡೆಯುವ ಪಟ್ಟಿ ಇರುವ ಟೈರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಇನ್ನೊಂದು ವಿಷಯ ಅಂಗಡಿಯಲ್ಲಿ ಹೇಳುವುದೇ ಇಲ್ಲ. ತುಂಬಾ ರೋಡ್ ಬೈಕುಗಳ ಟ್ಯೂಬಿಗೆ ಪ್ರೆಸ್ಟಾ ಅನ್ನುವ ಸಣ್ಣ, ಉದ್ದನೆಯ ವಾಲ್ವ್ ಇರುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್ ಅದಕ್ಕೆ ಕೂರುವುದಿಲ್ಲ. ಅದಕ್ಕೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಬೆಲೆ ತೀರಾ ಕಡಿಮೆ. ಅದೊಂದು ಜೇಬಿನಲ್ಲಿದ್ದರೆ ಲಾರಿ ನಿಲ್ಲುವ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಹೊಡೆಸಿಕೊಳ್ಳಬಹುದು.

ಈಗ ಗೇರಿನ ವಿಷಯ. "21 ಗೇರ್" ಅಂತ ದೊಡ್ಡ ಅಕ್ಷರದಲ್ಲಿ ಬರೆದ ಸೈಕಲ್ಲು ನೋಡಿರುತ್ತೀರಿ. ಹಲ್ಲಿನ ಚಕ್ರಗಳು ಮುಂದೆ 3, ಹಿಂದೆ 7, ಗುಣಿಸಿದರೆ 21. ಅದರಲ್ಲಿ ಎಷ್ಟೋ ಗೇರು ಒಂದರ ಹಾಗೇ ಇನ್ನೊಂದು ಇರುತ್ತವೆ. ಆ ಲೆಕ್ಕ ಬಿಡಿ. ರೋಡ್ ಬೈಕಿನಲ್ಲಿ ಜಪಾನಿನ ಶಿಮಾನೊ ಕಂಪನಿಯ ಗೇರುಗಳೇ ಜಾಸ್ತಿ. ಕೆಳಗಿನಿಂದ ಹೇಳಿದರೆ ಟೂರ್ನಿ, ಅದರ ಮೇಲೆ ಕ್ಲಾರಿಸ್, ಆಮೇಲೆ ಸೋರಾ, ಟಿಯಾಗ್ರಾ. ಹಿಂದಿನ ಹಲ್ಲಿನ ಚಕ್ರ ಟೂರ್ನಿಯಲ್ಲಿ ಸಾಮಾನ್ಯವಾಗಿ 7, ಕ್ಲಾರಿಸ್‌ನಲ್ಲಿ 8, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10. ಮೂವತ್ತು ಸಾವಿರದ ಒಳಗಿನ ಹೊಸ ಸೈಕಲ್ಲಿನಲ್ಲಿ ಹೆಚ್ಚಾಗಿ ಸಿಗುವುದು ಟೂರ್ನಿ. ಕ್ಲಾರಿಸ್ ಬೇಕೆಂದರೆ ಸಾಮಾನ್ಯವಾಗಿ ಇನ್ನೂ ದುಡ್ಡು ಕೂಡಿಸಬೇಕು.

ನನ್ನ ಅಭಿಪ್ರಾಯ ಹೇಳಲೇ? ಮೊದಲ ಸೈಕಲ್ಲಿಗೆ ಕ್ಲಾರಿಸ್ ಸಾಕು. ಅಷ್ಟು ಆಗದಿದ್ದರೆ ಟೂರ್ನಿಯೂ ನಡೆಯುತ್ತದೆ. ನಮ್ಮದು ಬಯಲು ಸೀಮೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದಂಥ ಏರು ಬಿಟ್ಟರೆ ದಿನವೂ ಹತ್ತುವ ಘಾಟಿ ಇಲ್ಲಿಲ್ಲ. ಆದರೆ ಒಂದು ಮಾತ್ರ ಬಿಡಬೇಡಿ. ಗೇರ್ ಬದಲಿಸುವುದು ಬ್ರೇಕ್ ಹಿಡಿಯುವ ಜಾಗದಲ್ಲೇ ಇರಬೇಕು. ಕೆಲವು ಅಗ್ಗದ ಸೈಕಲ್ಲುಗಳಲ್ಲಿ ಗೇರಿನ ಕಡ್ಡಿ ಹ್ಯಾಂಡಲಿನ ನಡುವೆಯೋ ಕೆಳಗಿನ ಫ್ರೇಮಿನ ಮೇಲೋ ಇರುತ್ತದೆ. ಪ್ರತಿ ಸಲ ಒಂದು ಕೈ ಬಿಡಬೇಕು. ಪಕ್ಕದಲ್ಲಿ ಅದಿರಿನ ಲಾರಿ ಹೋಗುವಾಗ ಒಂದು ಕೈ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಫ್ರೇಮು ಅಲ್ಯೂಮಿನಿಯಮ್ ಇರಲಿ. ಮುಂದಿನ ಫೋರ್ಕ್ ಕಾರ್ಬನ್ (ಇಂಗಾಲದ ನಾರಿನಿಂದ ಮಾಡಿದ್ದು) ಸಿಕ್ಕರೆ ಒಳ್ಳೆಯದು, ಕೈಗೆ ನಡುಕ ಕಡಿಮೆ. ಸಿಗದಿದ್ದರೆ ಸ್ಟೀಲ್ ಫೋರ್ಕ್ ತಗೊಂಡು ಟೈರ್ ಅಗಲ ಮಾಡಿಕೊಳ್ಳಿ. ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಯಲಿನಲ್ಲಿ ಒಂದು ಕಿಲೋ ಹೆಚ್ಚು ಕಡಿಮೆ ಗೊತ್ತೇ ಆಗುವುದಿಲ್ಲ. ಇಲ್ಲಿ ನಿಮ್ಮನ್ನು ತಡೆಯುವುದು ಗಾಳಿ. ಆಷಾಢದಲ್ಲಿ ಬಳ್ಳಾರಿಯಿಂದ ಹೊಸಪೇಟೆ ಕಡೆ ಮುಖ ಮಾಡಿ ಹೊರಟವರಿಗೆ ಅದು ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಬಾಗಿದ ಹ್ಯಾಂಡಲಿನ ಕೆಳಭಾಗ ಹಿಡಿದು ಮೈ ತಗ್ಗಿಸಿದರೆ ಆ ತಡೆ ಇಳಿಯುತ್ತದೆ. ರೋಡ್ ಬೈಕಿಗೆ ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕೇ. ದಿನಕ್ಕೆ ಐದಾರು ಕಿಲೋಮೀಟರ್ ಆಫೀಸಿಗೆ, ಸಂತೆಗೆ ಹೋಗಿಬರುವವರಿಗೆ ಇದು ಬೇಕಿಲ್ಲ. ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲ್ಲು ಅಗ್ಗವೂ ಹೌದು, ಆರಾಮವೂ ಹೌದು.

ಎಲ್ಲಕ್ಕಿಂತ ಮುಖ್ಯ ಸೈಜು. ನಮ್ಮ ಊರುಗಳಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಅಂಗಡಿಯಲ್ಲಿ ಒಂದೇ ಸೈಜಿನ ಸೈಕಲ್ಲು ಉಳಿದಿರುತ್ತದೆ. ಸೀಟು ಏರಿಸಿಯೋ ಇಳಿಸಿಯೋ "ಸರಿ ಆಯ್ತು ನೋಡಿ" ಅನ್ನುತ್ತಾರೆ. ಸೀಟು ಏರಿಸಿದರೆ ಕಾಲಿಗೆ ಸರಿ ಹೋಗಬಹುದು. ಹ್ಯಾಂಡಲ್ ದೂರವಾದರೆ ಬೆನ್ನು, ಕುತ್ತಿಗೆ ಹೇಳುತ್ತವೆ. ಮನೆಯಲ್ಲೇ ಅಳತೆ ತೆಗೆದುಕೊಂಡು ಹೋಗಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡು ಕಾಲಿನ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಸೆಂಟಿಮೀಟರನ್ನು 0.67ರಿಂದ ಗುಣಿಸಿ. ಕಾಲಿನ ಅಳತೆ 80 ಇದ್ದರೆ ನಿಮ್ಮ ಫ್ರೇಮು 53-54ರ ಸುತ್ತಮುತ್ತ. ಇದು ಮೊದಲ ಅಂದಾಜು, ಸೈಕಲ್ಲು ಹತ್ತಿ ನೋಡಿಯೇ ನಿರ್ಧಾರ ಮಾಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಮಂಡಿ ನೇರವಾಗಬೇಕು. ಹೆಣ್ಣುಮಕ್ಕಳಿಗೆ ಬೇಕಾದ ಸಣ್ಣ ಫ್ರೇಮು ನಮ್ಮ ಕಡೆ ಅಂಗಡಿಯಲ್ಲಿ ಬೇಗ ಸಿಗುವುದಿಲ್ಲ. ತರಿಸಿಕೊಡಿ ಅಂತ ಕೇಳಿ, ಒಂದೆರಡು ವಾರ ಕಾಯಿರಿ. ಇದ್ದದ್ದಕ್ಕೇ ಒಪ್ಪಿಕೊಳ್ಳಬೇಡಿ ತಾಯಂದಿರೇ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಇದೆಯೋ ನೋಡಿ. ಕೈಯಲ್ಲಿ 30 ಸಾವಿರ ಇದ್ದರೆ ಅಷ್ಟನ್ನೂ ಸೈಕಲ್ಲಿಗೇ ಸುರಿಯಬೇಡಿ. ನಾಲ್ಕೈದು ಸಾವಿರ ತೆಗೆದಿಡಿ. ಹೆಲ್ಮೆಟ್, ಪಂಪು, ಎರಡು ಟ್ಯೂಬು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಕಡ್ಡಿ, ಹಿಂದಿನ ಕೆಂಪು ಲೈಟು, ಬೀಗ, ನೀರಿನ ಬಾಟಲಿ ಇಡುವ ಸ್ಟ್ಯಾಂಡು. ಫ್ರೇಮಿನಲ್ಲಿ ಎರಡು ಬಾಟಲಿಗೆ ತೂತು ಇದೆಯೋ ನೋಡಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಒಂದು ಬಾಟಲಿ ಸಾಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದೇ? ಖಂಡಿತ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಸೈಕಲ್ಲು ಸಿಗುತ್ತದೆ. ಆದರೆ ಹಳೇ ಕಾರ್ಬನ್ ಫ್ರೇಮು ಬೇಡ. ಒಳಗೆ ಬಿರುಕಿದ್ದರೂ ಮೇಲೆ ಕಾಣದೇ ಇರಬಹುದು. ಅಲ್ಯೂಮಿನಿಯಮ್ ಆದರೆ ಹ್ಯಾಂಡಲ್ ಕೆಳಗಿನ ಜೋಡಣೆ, ಪೆಡಲ್ ಹತ್ತಿರದ ಜೋಡಣೆ ಎರಡನ್ನೂ ಬೆಳಕಿನಲ್ಲಿ ನೋಡಿ. ಚಕ್ರ ತಿರುಗಿಸಿ ಬೆಂಡ್ ನೋಡಿ. ಫ್ರೇಮಿನ ಕೆಳಗಿನ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ.

ಡಬ್ಬದಲ್ಲಿ ತರಿಸಿಕೊಂಡರೆ ಇನ್ನೊಂದು ಎಚ್ಚರ. ಜೋಡಿಸುವಾಗ ಫೋರ್ಕನ್ನೇ ಹಿಂದುಮುಂದು ಹಾಕುವುದುಂಟು. ಎಡ ಪೆಡಲಿನ ಮರೆ (ಸ್ಕ್ರೂವಿನ ಸುತ್ತು) ಉಲ್ಟಾ ಇರುತ್ತದೆ, ಬಲವಂತವಾಗಿ ತಿರುಗಿಸಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ಮರೆಯೇ ಹಾಳು. ನಮ್ಮ ಊರಿನ ಸೈಕಲ್ ಶಾಪಿನ ಹಿರಿಯರು ಕಡ್ಡಿ ಬಿಗಿ ಮಾಡಿ ಚಕ್ರದ ಬೆಂಡ್ ತೆಗೆಯುವುದರಲ್ಲಿ ಬಹಳ ಗಟ್ಟಿಗರು. ಗೇರಿನ ಕೆಲಸ ಎಲ್ಲರಿಗೂ ರೂಢಿ ಇರುವುದಿಲ್ಲ. ಆದ್ದರಿಂದ 7 ಅಥವಾ 8 ಸ್ಪೀಡಿನ, ಅಂದರೆ ಹಿಂದೆ ಅಷ್ಟು ಹಲ್ಲಿನ ಚಕ್ರಗಳಿರುವ ಸೈಕಲ್ಲಿನ, ಚೈನೇ ಇರಲಿ. ಅಗ್ಗ, ಗಟ್ಟಿ, ಸುಲಭವಾಗಿ ಸಿಗುತ್ತದೆ. ಧೂಳಿನ ರಸ್ತೆಯಲ್ಲಿ ಓಡಿಸಿ ಬಂದ ದಿನ ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ. ಒರೆಸದೆ ಎಣ್ಣೆ ಬಿಟ್ಟರೆ ಕೆಂಪು ಧೂಳು ಅಂಟಿಕೊಂಡು ಹಲ್ಲುಗಳನ್ನೆಲ್ಲ ಸವೆಸುತ್ತದೆ.

ಹೊಸ ಸೈಕಲ್ಲು ಓಡಿಸಿದ ಮೊದಲ ತಿಂಗಳಲ್ಲಿ ಗೇರಿನ ಕೇಬಲ್ ಸ್ವಲ್ಪ ಸಡಿಲವಾಗುತ್ತದೆ, ಚಕ್ರದ ಕಡ್ಡಿಗಳೂ ಸಡಿಲವಾಗುತ್ತವೆ. ಗೇರ್ ತಾನಾಗಿ ಜಾರತೊಡಗಿದರೆ ಸೈಕಲ್ಲು ಕೆಟ್ಟಿತು ಅಂತ ಹೆದರಬೇಡಿ. ತಗೊಂಡ ಅಂಗಡಿಗೇ ಒಯ್ದು ಎರಡನ್ನೂ ಬಿಗಿ ಮಾಡಿಸಿ. ಮೊದಲ ಸರ್ವಿಸ್ ಪುಕ್ಕಟೆ ಮಾಡಿಕೊಡುತ್ತೀರಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ನಮಸ್ಕಾರ.