ಹೋಟೆಲಿನ ಹೆಸರಿನ ಮನೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೇಖ್ರಿ ವೃತ್ತ ದಾಟಿ ಹೆಬ್ಬಾಳದ ಕಡೆಗೆ ಹೋಗುವವರಿಗೆ ಎಂಬೆಸಿ ಒನ್ ಅನ್ನುವ ಎತ್ತರದ ಕಟ್ಟಡ ಕಾಣುತ್ತದೆ. 2019ರಲ್ಲಿ ಅಲ್ಲಿ ಫೋರ್ ಸೀಸನ್ಸ್ ಹೋಟೆಲ್ ಶುರುವಾಯಿತು. ಅದೇ ಆವರಣದಲ್ಲಿ ಅದೇ ಹೆಸರು ಹೊತ್ತ ಮನೆಗಳೂ ಇವೆ. ಅವು ಹೋಟೆಲಿನ ರೂಮುಗಳಲ್ಲ, ನಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಳ್ಳುವ ಮನೆಗಳು. ಮುಂಬೈಯ ವರ್ಲಿಯಲ್ಲೂ ಇಂಥವು ಇವೆ. ದುಬೈನಲ್ಲಂತೂ ಕೇಳಲೇಬೇಡಿ. ಅಲ್ಲಿನ ಬುರ್ಜ್ ಖಲೀಫಾದೊಳಗೆ ಬಟ್ಟೆಗೆ ಹೆಸರಾದ ಅರ್ಮಾನಿಯವರ ಹೋಟೆಲೂ ಇದೆ, ಅರ್ಮಾನಿ ಹೆಸರಿನ ಮನೆಗಳೂ ಇವೆ.

ಕೋಟಿಗಳ ಮಾತು ನಮಗ್ಯಾಕೆ ಅಂತ ರೇಡಿಯೊ ಆಫ್ ಮಾಡಬೇಡಿ. ಇಂಥ ಮನೆ ಕೇಳಿಕೊಂಡು ಹೋಗುವವರೆಲ್ಲ ಸಿನಿಮಾದವರಲ್ಲ. ಜಯನಗರದಲ್ಲಿ ಅಪ್ಪ ಕಟ್ಟಿಸಿದ ನಲವತ್ತು-ಅರವತ್ತರ ಸೈಟಿನ ಮನೆ ಮಾರಿದವರಿದ್ದಾರೆ. ಹೊರದೇಶದಲ್ಲಿ ವರ್ಷಗಟ್ಟಲೆ ದುಡಿದು, ವಯಸ್ಸಾದ ಅಪ್ಪ-ಅಮ್ಮನಿಗೆ ಊರ ನಡುವೆ ಅನುಕೂಲವಾದ ಒಂದು ಮನೆ ಮಾಡಿಕೊಡೋಣ ಅನ್ನುವ ಮಕ್ಕಳಿದ್ದಾರೆ. ಆಸ್ತಿ ಕಾಗದ ಓದಿ ಹೇಳುವುದು ನನ್ನ ಕಸುಬು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಇಂಥವರೇ.

ಈ ಪದ್ಧತಿ ಹೊಸದಲ್ಲ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 1927ರಲ್ಲೇ ಶೆರಿ-ನೆದರ್ಲ್ಯಾಂಡ್ ಅನ್ನುವ ಹೋಟೆಲ್ ಎದ್ದಿತು. ಅಲ್ಲಿ ಜನ ವರ್ಷಪೂರ್ತಿ ಸಂಸಾರ ಹೂಡಿರುತ್ತಿದ್ದರು. ಫೋರ್ ಸೀಸನ್ಸ್‌ನವರು 1985ರಲ್ಲಿ ಬಾಸ್ಟನ್ ಹೋಟೆಲಿನ ಜೊತೆ ಮನೆಗಳನ್ನೂ ಮಾರಿದರು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಶುರು ಮಾಡಿದರು. ಯಾಕೆ ಮಾಡುವುದಿಲ್ಲ ಹೇಳಿ? ಜಾಗ ಬಿಲ್ಡರ್‌ದು, ಸಾಲ ಬಿಲ್ಡರ್‌ದು, ಕಟ್ಟುವ ತಲೆನೋವೂ ಅವರದೇ. ಹೋಟೆಲಿನವರು ಹೆಸರು ಕೊಟ್ಟು ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ. ಮನೆ ತಮ್ಮ ಮಟ್ಟಕ್ಕೆ ತಕ್ಕಂತೆ ಇದೆಯಾ ಅಂತ ನೋಡುತ್ತಾರೆ. ಮುಗಿದ ಮೇಲೆ ಸಾಮಾನ್ಯವಾಗಿ ನಿರ್ವಹಣೆಯನ್ನೂ ವಹಿಸಿಕೊಂಡು, ಅದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ.

ಇಂಥ ಮನೆಗಳ ಬ್ರೋಷರ್ ಸಿಕ್ಕರೆ ಮೊದಲು ಕೊನೇ ಪುಟ ತೆಗೆಯಿರಿ. ಅಮೃತಶಿಲೆ, ಈಜುಕೊಳ, ನಗುವ ಸಂಸಾರದ ಚಿತ್ರ ಎಲ್ಲ ಮುಗಿದ ಮೇಲೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಾಲ್ಕು ಸಾಲು ಇರುತ್ತವೆ. ಈ ಮನೆಗಳನ್ನು ಹೋಟೆಲ್ ಕಂಪನಿ ಕಟ್ಟುತ್ತಿಲ್ಲ, ಮಾರುತ್ತಲೂ ಇಲ್ಲ, ಪರವಾನಗಿಯ ಮೇಲೆ ಬಿಲ್ಡರ್ ಅದರ ಹೆಸರನ್ನು ಬಳಸುತ್ತಿದ್ದಾರೆ, ಪರವಾನಗಿ ಮುಗಿದರೆ ಹೆಸರು ಬಳಸುವ ಹಕ್ಕೂ ಮುಗಿಯುತ್ತದೆ. ಇದು ಅದರ ಸಾರಾಂಶ. ಅಂದರೆ ಗೋಡೆ ನಿಮ್ಮದು, ಹೆಸರು ಮಾತ್ರ ಮದುವೆಗೆ ಎರವಲು ತಂದ ಒಡವೆ. ಆದರೆ ದುಡ್ಡು ಕೊಡುವಾಗ ಎರಡಕ್ಕೂ ಸೇರಿಸಿಯೇ ಕೊಡುತ್ತೀರಿ.

ಹೆಸರು ಹೋಗುತ್ತದಾ? ಹೋಗಿರುವುದು ಉಂಟು. ನ್ಯೂಯಾರ್ಕಿನಲ್ಲಿ 2010ರಲ್ಲಿ ಟ್ರಂಪ್ ಸೋಹೊ ಅಂತ ಒಂದು ಕಟ್ಟಡ ತೆರೆಯಿತು. ಅಲ್ಲಿನ ಮನೆ ಕೊಂಡವರು ವರ್ಷಕ್ಕೆ 120 ದಿನಕ್ಕಿಂತ ಹೆಚ್ಚು ಇರುವ ಹಾಗಿರಲಿಲ್ಲ. ಉಳಿದ ದಿನ ಅದು ಹೋಟೆಲ್ ರೂಮು. ಮಾರಾಟವಾದ ಮನೆಗಳ ಲೆಕ್ಕವನ್ನು ಉಬ್ಬಿಸಿ ಹೇಳಿದರು ಅಂತ ಕೊಂಡವರಲ್ಲಿ ಕೆಲವರು ಕೋರ್ಟಿಗೆ ಹೋದರು. 2011ರಲ್ಲಿ ಮುಂಗಡದ ಶೇ 90ರಷ್ಟು ವಾಪಸ್ ಕೊಟ್ಟು ರಾಜಿಯಾಯಿತು. 2017ರ ಕೊನೆಗೆ ಹೆಸರೇ ಬದಲಾಗಿ ಡೊಮಿನಿಕ್ ಆಯಿತು. ಟೊರೊಂಟೊದಲ್ಲೂ ಅದೇ ವರ್ಷ ಅದೇ ಹೆಸರು ಕೆಳಗಿಳಿಯಿತು. ಪನಾಮಾದಲ್ಲಿ 2018ರ ಮಾರ್ಚಿನಲ್ಲಿ ಬಾಗಿಲ ಬಳಿಯ ಅಕ್ಷರಗಳನ್ನೇ ಕಿತ್ತು ತೆಗೆದರು. ಅಲ್ಲಿ ಹೆಸರು ಬೇಡ ಅಂದವರು ಮಾಲೀಕರ ಕಡೆಯವರೇ! ಹಾಗಾಗಿ ಹೆಸರು ಬಿಟ್ಟುಹೋಗುವುದೊಂದೇ ಭಯವಲ್ಲ, ನಮಗೆ ಬೇಡವಾದಾಗ ಅದನ್ನು ಕಳಿಸುವುದಕ್ಕೂ ಕಾಗದದಲ್ಲಿ ದಾರಿ ಇರಬೇಕು.

ಹಾಗಂತ ಇದೆಲ್ಲ ಬರೀ ಬೂಟಾಟಿಕೆ ಅಂತ ನಾನು ಹೇಳುವುದಿಲ್ಲ. ಮಕ್ಕಳು ದೂರ ಇರುವ ಎಪ್ಪತ್ತು ದಾಟಿದ ಗಂಡ-ಹೆಂಡತಿಗೆ, ರಾತ್ರಿ ಹನ್ನೊಂದಕ್ಕೆ ನಲ್ಲಿ ಸೋರಿದರೆ ಒಂದು ಫೋನಿಗೆ ಬರುವ ಪ್ಲಂಬರ್ ಅಂದರೆ ಸುಮ್ನೆ ಮಾತಲ್ಲ. ಊಟ ಮೇಲಕ್ಕೆ ಬರುತ್ತದೆ, ಬಟ್ಟೆ ಇಸ್ತ್ರಿಯಾಗಿ ಬರುತ್ತದೆ, ಮಗನ ಮನೆಗೆಂದು ಅಮೆರಿಕಕ್ಕೆ ಹೋದರೆ ಆರು ತಿಂಗಳು ಮನೆ ನೋಡಿಕೊಳ್ಳುತ್ತಾರೆ.

ಒಮ್ಮೆ ಇಂಥದ್ದೇ ಒಂದು ಮಾದರಿ ಮನೆ ನೋಡಲು ಮಲ್ಲೇಶ್ವರದ ದಂಪತಿಯ ಜೊತೆ ಹೋಗಿದ್ದೆ. ಯಜಮಾನರು ಲಿಫ್ಟಿನ ವೇಗ, ಕಿಟಕಿಯ ಗಾಜಿನ ದಪ್ಪ ವಿಚಾರಿಸುತ್ತಿದ್ದರು. ಅಮ್ಮಾವರು ನೇರ ಅಡುಗೆಮನೆಗೆ ಹೋದರು. ಹೊಳೆಯುವ ಕಟ್ಟೆ, ಗೋಡೆಯೊಳಗೆ ಅಡಗಿದ ಫ್ರಿಜ್ಜು. "ಒಗ್ಗರಣೆ ಹಾಕಿದ್ರೆ ಘಾಟು ಎಲ್ಲಿಗೆ ಹೋಗುತ್ತಪ್ಪಾ?" ಅಂದರು. ಸೂಟು ಹಾಕಿದ ಹುಡುಗ ಚಿಮಣಿ ತೋರಿಸಿದ. "ಸೀರೆ ಎಲ್ಲಿ ಒಣಗಹಾಕೋದು?" ಬಾಲ್ಕನಿಯಲ್ಲಿ ಬಟ್ಟೆ ಹಾಕುವ ಹಾಗಿಲ್ಲ ಮೇಡಂ, ಹೊರಗಿನಿಂದ ಕಾಣುತ್ತೆ. ಹೊಸ್ತಿಲ ಮುಂದೆ ರಂಗೋಲಿ? ಕಾರಿಡಾರು ಎಲ್ಲರಿಗೂ ಸೇರಿದ್ದು, ಅಲ್ಲಿ ಕಾರ್ಪೆಟ್ ಇರುತ್ತೆ ಮೇಡಂ. ಅಮ್ಮಾವರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ನಾವು ಇಲ್ಲಿ ಅತಿಥಿಗಳು ಅನ್ನಿ" ಅಂದರು. ಮನೆಯ ನಿಯಮಗಳ ಪುಸ್ತಕವನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ ಅಂತ ನಾನು ಎಷ್ಟು ಸಲ ಹೇಳಿದರೂ ಆ ಮೂರು ಪ್ರಶ್ನೆಗಳಷ್ಟು ತಟ್ಟುವುದಿಲ್ಲ.

ಇನ್ನು ತಿಂಗಳ ಮೇಂಟೆನೆನ್ಸ್. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 3,000 ಚದರಡಿ, ಅಡಿಗೆ 20 ರೂಪಾಯಿ. ತಿಂಗಳಿಗೆ 60,000. ತಿಂಗಳಿಗೆ 7,500 ದಾಟಿದರೆ ಶೇ 18 ಜಿಎಸ್‌ಟಿ ಬರುತ್ತದೆ, ಅಂದರೆ ಇನ್ನೊಂದು 10,800. ವರ್ಷಕ್ಕೆ ಸುಮಾರು ಎಂಟೂವರೆ ಲಕ್ಷ. ನೀವು ಅಲ್ಲಿ ಇದ್ದರೂ ಅಷ್ಟೆ, ಬೀಗ ಹಾಕಿ ಹೋದರೂ ಅಷ್ಟೆ. ಊಟ, ಇಸ್ತ್ರಿ ಇದರಲ್ಲಿ ಸೇರಿದೆ ಅಂದುಕೊಳ್ಳಬೇಡಿ. ಅವಕ್ಕೆ ಸಾಮಾನ್ಯವಾಗಿ ಬೇರೆ ಬಿಲ್ಲು. ಈಜುಕೊಳ, ಜಿಮ್ ಹೋಟೆಲಿನ ಜೊತೆ ಹಂಚಿಕೆಯಾಗಿದ್ದರೆ ಅದರ ಖರ್ಚು ಯಾವ ಲೆಕ್ಕದಲ್ಲಿ ಭಾಗವಾಗುತ್ತದೆ ಅನ್ನುವುದನ್ನೂ ಕೇಳಿ. ಜಗಳ ಶುರುವಾಗುವುದು ಅಲ್ಲೇ.

ಕೊಳ್ಳುವಾಗಿನ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಹತ್ತು ಕೋಟಿಯ ಮನೆಗೆ ಇಷ್ಟೇ 76 ಲಕ್ಷ. ಇನ್ನೂ ಕಟ್ಟುತ್ತಿರುವ ಮನೆಯಾದರೆ ಶೇ 5 ಜಿಎಸ್‌ಟಿ, ಮತ್ತೆ 50 ಲಕ್ಷ. ಕೆಲಸ ಮುಗಿದ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಆ ಜಿಎಸ್‌ಟಿ ಇಲ್ಲ.

ಕಾನೂನು ನಮ್ಮ ಕಡೆ ಎಷ್ಟಿದೆ? ಬಿಲ್ಡರ್‌ಗಳನ್ನು ಹದ್ದಿನಲ್ಲಿಡುವ 2016ರ ರೇರಾ ಕಾಯ್ದೆ ಇಂಥ ಮನೆಗೂ ಅನ್ವಯಿಸುತ್ತದೆ. ಒಳಗಿನ ಅಳತೆಯನ್ನೇ, ಅಂದರೆ ಕಾರ್ಪೆಟ್ ಏರಿಯಾವನ್ನೇ ಬಿಲ್ಡರ್ ಹೇಳಬೇಕು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಮನೆ ಕೊಟ್ಟು ಐದು ವರ್ಷದವರೆಗೆ ಅವರ ಖರ್ಚಿನಲ್ಲೇ ಸರಿಮಾಡಿಸಬೇಕು. ಇವಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು 12ನೇ ಸೆಕ್ಷನ್. ಜಾಹೀರಾತಿನಲ್ಲಿ ಸುಳ್ಳು ಹೇಳಿ ಅದನ್ನು ನಂಬಿ ನೀವು ದುಡ್ಡು ಕೊಟ್ಟಿದ್ದರೆ ಪರಿಹಾರ ಕೇಳಬಹುದು, ಬೇಡ ಅನಿಸಿದರೆ ಹೊರಬಂದು ದುಡ್ಡನ್ನು ಬಡ್ಡಿಸಮೇತ ವಾಪಸ್ ಪಡೆಯಬಹುದು. ಅದಕ್ಕೇ ಬ್ರೋಷರನ್ನು ರದ್ದಿಗೆ ಹಾಕಬೇಡಿ. ಆದರೆ ನಿಮ್ಮ ಒಪ್ಪಂದ ಇರುವುದು ಬಿಲ್ಡರ್ ಜೊತೆ. ಹೋಟೆಲಿನವರು ಅದರಲ್ಲಿ ಸಹಿ ಹಾಕಿರದಿದ್ದರೆ ಅವರನ್ನು ನೇರವಾಗಿ ಹಿಡಿಯುವುದು ಕಷ್ಟ.

ನಾನು ಕಟ್ಟುನಿಟ್ಟಾಗಿ ಕೇಳುವ ಕಾಗದ ಒಂದೇ. ಬಿಲ್ಡರಿಗೂ ಹೋಟೆಲಿಗೂ ಆಗಿರುವ ಒಪ್ಪಂದದ ಪ್ರತಿ. ಪೂರ್ತಿ ಕೊಡದಿದ್ದರೂ ಎಷ್ಟು ವರ್ಷ, ಯಾವಾಗ ಮುರಿಯಬಹುದು, ಮಾಲೀಕರ ಸಂಘ ಬಂದ ಮೇಲೆ ಅದು ಯಾರ ಕೈಗೆ ಹೋಗುತ್ತದೆ, ಈ ಮೂರು ಭಾಗವನ್ನಾದರೂ ಬರಹದಲ್ಲಿ ಕೊಡಲಿ. ವ್ಯಾಪಾರದ ಗುಟ್ಟು ಅಂತ ಕೆಲವರು ಹೇಳುತ್ತಾರೆ. ಅದು ಕೈಗೆ ಬರುವವರೆಗೆ ಚೆಕ್ ಬರೆಯಬೇಡಿ. ಅವಸರ ಮಾಡಿದರೂ ಹೆದರಬೇಡಿ, ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ ಅಂತ ರೇರಾದ 13ನೇ ಸೆಕ್ಷನ್ನಿನಲ್ಲೇ ಇದೆ. ನಮಸ್ಕಾರ.